ಬಲಿ ಪ್ರಾಣಿಯ ಮೇವು ಕೊಳ್ಳುವವರೇ ಇಲ್ಲ: ರಾಜನ ಬಲವಿಲ್ಲದೆ ಕ್ರೈಸ್ತ ಧರ್ಮ ಹಬ್ಬಿದ್ದು ಹೇಗೆ?

ಸುಮ್ನೆ_ಕೇಳ್ದೆ

ಭಾನುವಾರ ಊಟ ಆದ ಮೇಲೆ ಭಾವನ ಜೊತೆ ವಾದಕ್ಕೆ ಬಿದ್ದೆ. ಅವರ ಪ್ರಕಾರ ಕತೆ ಬಹಳ ಸಲೀಸು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತನಾದ, ಪ್ರಜೆಗಳು ಅವನ ಹಿಂದೆ ಹೋದರು, ಅಷ್ಟೆ.

ನನಗೆ ಒಪ್ಪಿಗೆ ಆಗಲಿಲ್ಲ. ಅವನು ಕ್ರೈಸ್ತರ ಕಡೆ ವಾಲಿದ್ದು 312ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲೇ, 303ರಲ್ಲಿ, ಚಕ್ರವರ್ತಿ ಡಯೊಕ್ಲೀಷಿಯನ್ ಚರ್ಚ್‌ಗಳನ್ನು ಕೆಡವಲು ಆಜ್ಞೆ ಹೊರಡಿಸಿದ್ದ. ಕೆಡವಬೇಕು ಅಂದರೆ ಕಟ್ಟಡ ಇರಬೇಕು, ಅದರೊಳಗೆ ಜನ ಇರಬೇಕು, ಅಲ್ವಾ? ಯೇಸುವನ್ನು ಶಿಲುಬೆಗೆ ಹಾಕಿದ್ದು ಸುಮಾರು 30ರಲ್ಲಿ. ನಡುವಿನ 280 ವರ್ಷ ಇವರ ಬೆನ್ನಿಗೆ ರಾಜನಿಲ್ಲ, ಸೈನ್ಯವಿಲ್ಲ. ಹಾಗಾದರೆ ಹಬ್ಬಿಸಿದ್ದು ಯಾರು?

ನಂಬಿಕೆ ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ. ಇತಿಹಾಸ ಓದಿದವರು ಹೇಳಿ.

ಹಳೇನಾಣ್ಯ

ಒಳ್ಳೆಯ ಪ್ರಶ್ನೆ. ನನ್ನ ಸಲಹೆ ಒಂದೇ. ಭಕ್ತರು ಬರೆದದ್ದನ್ನು ಆಮೇಲೆ ಓದಿ. ಮೊದಲು ಅವರನ್ನು ಕಂಡರೆ ಆಗದವರು ಗೊಣಗಿದ್ದನ್ನು ಓದಿ. ಗೊಣಗುವವರು ತಮಗೇ ಗೊತ್ತಿಲ್ಲದೆ ನಿಜ ಹೇಳಿಬಿಡುತ್ತಾರೆ.

ಪ್ಲಿನಿ ಅಂತ ಒಬ್ಬ ರೋಮನ್ ಅಧಿಕಾರಿ. ಕಪ್ಪು ಸಮುದ್ರದ ದಂಡೆಯ ಬಿಥಿನಿಯ ಮತ್ತು ಪೊಂಟಸ್ ಸೀಮೆಗೆ ಗವರ್ನರ್. ಈಗಿನ ಟರ್ಕಿಯ ಉತ್ತರ ಭಾಗ ಅದು. ಸುಮಾರು 112ರಲ್ಲಿ ಅವನು ಚಕ್ರವರ್ತಿ ಟ್ರೇಜನ್‌ಗೆ ಒಂದು ಪತ್ರ ಬರೆಯುತ್ತಾನೆ. ಪಕ್ಕಾ ಸರ್ಕಾರಿ ಪತ್ರ. 'ಇಂಥ ಕೇಸು ನಾನು ಹಿಂದೆ ನೋಡಿಲ್ಲ, ಏನು ಮಾಡಲಿ' ಅನ್ನುವ ಧಾಟಿ.

ಅವನು ಮಾಡುತ್ತಿದ್ದದ್ದು ಇಷ್ಟು. ಸಿಕ್ಕಿಬಿದ್ದವರನ್ನು 'ನೀನು ಕ್ರೈಸ್ತನೋ' ಅಂತ ಮೂರು ಸಲ ಕೇಳುವುದು. ಹಟ ಬಿಡದವರಿಗೆ ಮರಣದಂಡನೆ. ರೋಮನ್ ಪೌರನಾಗಿದ್ದರೆ ರೋಮ್‌ಗೆ ರವಾನೆ. ಕ್ರಿಸ್ತನನ್ನು ಬೈದು, ಚಕ್ರವರ್ತಿಯ ಮೂರ್ತಿಗೆ ಧೂಪ, ದ್ರಾಕ್ಷಾರಸ ಅರ್ಪಿಸಿದರೆ ಬಿಡುಗಡೆ. ಕೆಲವರು 'ನಾವು 20 ವರ್ಷದ ಹಿಂದೆಯೇ ಬಿಟ್ಟುಬಿಟ್ಟೆವು ಸ್ವಾಮಿ' ಅಂದರಂತೆ. ಲೆಕ್ಕ ಹಾಕಿ. 90ರ ದಶಕದ ಆರಂಭದಲ್ಲೇ ಆ ಮೂಲೆಯಲ್ಲಿ ಇವರು ಇದ್ದರು. ಸೇರುವವರಿದ್ದಂತೆ ಬಿಟ್ಟು ಹೋಗುವವರೂ ಇದ್ದರು.

ಒಳಗೆ ಏನು ನಡೆಯುತ್ತದೆ ಅಂತ ತಿಳಿಯಲು ಇಬ್ಬರು ಗುಲಾಮ ಹೆಂಗಸರನ್ನು ಹಿಂಸಿಸಿ ಕೇಳುತ್ತಾನೆ. ಆ ಇಬ್ಬರೂ ಆ ಗುಂಪಿನ ಸೇವಕಿಯರು, ಅಂದರೆ ಏನೋ ಒಂದು ಜವಾಬ್ದಾರಿ ಹೊತ್ತವರು. ಮೂಢನಂಬಿಕೆ ಬಿಟ್ಟರೆ ಬೇರೇನೂ ಸಿಗಲಿಲ್ಲ ಅನ್ನುತ್ತಾನೆ. ಗುಂಪು ಬಿಟ್ಟುಬಂದವರು ಹೇಳಿದ್ದೂ ಸಪ್ಪೆ. ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತು ತಪ್ಪುವುದಿಲ್ಲ ಅಂತ ಆಣೆ ಮಾಡುತ್ತಾರೆ, ಆಮೇಲೆ ಒಟ್ಟಿಗೆ ಊಟ. ಸಾಮಾನ್ಯ ಊಟವೇ ಅಂತ ಪ್ಲಿನಿ ಒತ್ತಿ ಬರೆಯುತ್ತಾನೆ. ಇವರು ನರಮಾಂಸ ತಿನ್ನುತ್ತಾರೆ ಅನ್ನುವ ಗಾಳಿಮಾತು ಆಗ ಇತ್ತು.

ನನಗೆ ತುಂಬಾ ಇಷ್ಟವಾದ ಸಾಲು ಪತ್ರದ ಕೊನೆಯಲ್ಲಿದೆ. ಈ ರೋಗ ಪಟ್ಟಣಕ್ಕೆ ಮಾತ್ರ ಅಲ್ಲ, ಹಳ್ಳಿ, ಹೊಲಗದ್ದೆಗೂ ಹಬ್ಬಿದೆ ಅನ್ನುತ್ತಾನೆ. ದೇವಸ್ಥಾನಗಳು ಹೆಚ್ಚು ಕಡಿಮೆ ಖಾಲಿಯಾಗಿದ್ದವು, ಬಲಿ ಪ್ರಾಣಿಗಳ ಮೇವಿಗೆ ಗಿರಾಕಿಯೇ ಇರಲಿಲ್ಲ, ತಾನು ಬಿಗಿ ಮಾಡಿದ ಮೇಲೆ ಈಗ ಮತ್ತೆ ಮಾರಾಟ ಆಗುತ್ತಿದೆಯಂತೆ.

ತನ್ನ ಸಾಧನೆ ಹೇಳಿಕೊಳ್ಳುವ ಅಧಿಕಾರಿ ಸ್ವಲ್ಪ ಉಪ್ಪು ಖಾರ ಹಚ್ಚಿರುತ್ತಾನೆ, ಇರಲಿ. ಆದರೂ ಇದು ಕಾನ್‌ಸ್ಟಂಟೈನ್‌ಗಿಂತ 200 ವರ್ಷ ಹಿಂದಿನ ಮಾತು. ಇಷ್ಟನ್ನು ಭಾವನಿಗೆ ಹೇಳಿ.

ಕೊಟ್ಟಿಗೆ_ಬೆಳಕು

ಅಂದರೆ ದೂರು ಕೊಟ್ಟವರು ಪೂಜಾರಿಗಳಲ್ಲ, ಹುಲ್ಲಿನ ವ್ಯಾಪಾರಿಗಳು 😄

ಲ್ಯಾಟಿನ್_ಪೆಟ್ಟಿಗೆ

ಸಣ್ಣ ತಿದ್ದುಪಡಿ. ಆ ಸಾಲಿನ ಲ್ಯಾಟಿನ್ ಪಾಠದಲ್ಲಿ ತಕರಾರಿದೆ. ಕೆಲವು ಸಂಪಾದಕರು 'ಮೇವು' ಅಂತ ಓದುತ್ತಾರೆ, ಕೆಲವರು 'ಮಾಂಸ' ಅಂತ. ಮಾಂಸ ಆದರೆ ದೂರು ಕೊಟ್ಟವರು ಕಸಾಯಿಯವರು. ಹೇಗೂ ಯಾರದೋ ಹೊಟ್ಟೆಪಾಡು.

ಟ್ರೇಜನ್ ಉತ್ತರವನ್ನೂ ಸೇರಿಸಿ. 'ಹುಡುಕಿಕೊಂಡು ಹೋಗಬೇಡ. ಹೆಸರಿಲ್ಲದ ದೂರು ತೆಗೆದುಕೊಳ್ಳಬೇಡ, ಅದು ನಮ್ಮ ಕಾಲಕ್ಕೆ ತಕ್ಕದ್ದಲ್ಲ.' ಮೂಗರ್ಜಿ ಕಸದ ಬುಟ್ಟಿಗೆ ಹಾಕು ಅಂತ ಅರ್ಥ. ಈ ಅರೆಮನಸ್ಸಿನ ನೀತಿ ಸುಮಾರು 140 ವರ್ಷ ನಡೆಯಿತು. ಮುನ್ನೂರು ವರ್ಷ ದಿನಾ ಸಿಂಹದ ಬಾಯಿಗೆ ಹಾಕಿದರು ಅನ್ನುವುದು ಸಿನಿಮಾ ಕತೆ. ಅಲ್ಲಲ್ಲಿ, ಆಗಾಗ, ಜನರ ಸಿಟ್ಟು ಕೆರಳಿದಾಗ ಹಿಂಸೆ ಆಗುತ್ತಿತ್ತು. ಆದಾಗ ಭಯಂಕರವಾಗಿಯೇ ಆಗುತ್ತಿತ್ತು. 64ರಲ್ಲಿ ರೋಮ್ ಸುಟ್ಟಾಗ ಚಕ್ರವರ್ತಿ ನೀರೊ ಮಾಡಿದ್ದು ಹಾಗೆ.

ಹೊಳೆದಂಡೆ_ಮಲ್ಲಿಗೆ

ನಾನು ಉಡುಪಿ ಕಡೆಯವಳು, ಚರ್ಚ್‌ನಲ್ಲಿ ಬೆಳೆದವಳು. ಹಬ್ಬಿಸಿದವರು ಯೇಸುವಿನ ಶಿಷ್ಯ ಪೇತ್ರ, ಊರೂರು ಸುತ್ತಿ ಬೋಧಿಸಿದ ಪೌಲ ಅಂತಲೇ ನಮಗೆ ಹೇಳಿಕೊಟ್ಟದ್ದು. ದೊಡ್ಡವಳಾದ ಮೇಲೆ ಪೌಲನ ಪತ್ರಗಳನ್ನು ನಿಧಾನಕ್ಕೆ ಓದಿದಾಗ ಬೇರೆಯೇ ಚಿತ್ರ ಕಂಡಿತು.

ರೋಮಾಪುರದವರಿಗೆ ಬರೆದ ಪತ್ರ ತೆಗೆಯಿರಿ. ಸುಮಾರು 57ರದ್ದು. ಅಲ್ಲಿಯವರೆಗೆ ಪೌಲ ರೋಮ್‌ಗೆ ಕಾಲಿಟ್ಟೇ ಇಲ್ಲ. ಆದರೂ ಅಲ್ಲಿ ಆಗಲೇ ಸಭೆ ಇದೆ. ಅದನ್ನು ಶುರು ಮಾಡಿದವರ ಹೆಸರೇ ಇಲ್ಲ! ಸೆರೆಯಾಳಾಗಿ ಹಡಗಿನಲ್ಲಿ ಇಟಲಿಗೆ ಬಂದಾಗಲೂ ಅಷ್ಟೆ. ಪುತಿಯೋಲಿ ಬಂದರಿನಲ್ಲಿ ಇಳಿದರೆ ಅಲ್ಲಿ ಆಗಲೇ 'ಸಹೋದರರು' ಸಿಗುತ್ತಾರೆ. ಈಜಿಪ್ಟಿನಿಂದ ಧಾನ್ಯದ ಹಡಗುಗಳು ಬಂದು ನಿಲ್ಲುತ್ತಿದ್ದ ಬಂದರು ಅದು. ಹಡಗಿನಲ್ಲಿ ಗೋಧಿಯ ಜೊತೆ ಇನ್ನೇನು ಬರುತ್ತಿತ್ತು ಅಂತ ಊಹಿಸಿ.

ಅದೇ ಪತ್ರದ 16ನೇ ಅಧ್ಯಾಯ ಬರೀ ಹೆಸರುಗಳ ಪಟ್ಟಿ. ಓದುವಾಗ ಎಲ್ಲರೂ ಹಾರಿಸಿಬಿಡುತ್ತಾರೆ. ನನಗೆ ಅದೇ ಚಿನ್ನ. 20ಕ್ಕೂ ಜಾಸ್ತಿ ಜನರಿಗೆ ಹೆಸರು ಹಿಡಿದು ನಮಸ್ಕಾರ. ಅದರಲ್ಲಿ ಹೆಂಗಸರು ಎಷ್ಟೊಂದು. ಗುಲಾಮರಿಗೆ ಇಡುತ್ತಿದ್ದಂಥ ಹೆಸರುಗಳೂ ಇವೆ. ಮೊದಲ ಹೆಸರೇ ಫೊಯಿಬೆ, ಗ್ರೀಸ್ ದೇಶದ ಕೊರಿಂಥದ ಬಂದರಾದ ಕೆಂಖ್ರೆಯ ಸಭೆಯ ಸೇವಕಿ. ಪತ್ರ ರೋಮ್‌ಗೆ ಒಯ್ದವಳು ಅವಳೇ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಪ್ರಿಸ್ಕಿಲ್ಲ ಮತ್ತು ಅಕ್ವಿಲ ಅನ್ನುವ ಗಂಡ ಹೆಂಡತಿಯ ಜಾಡು ಹಿಡಿಯಿರಿ. ಚಕ್ರವರ್ತಿ ಕ್ಲಾಡಿಯಸ್ ಯೆಹೂದ್ಯರನ್ನು ರೋಮ್‌ನಿಂದ ಓಡಿಸಿದಾಗ ಕೊರಿಂಥಕ್ಕೆ ಬಂದರು. ಗುಡಾರ ಹೊಲಿಯುವ ಕಸುಬು. ಪೌಲನದೂ ಅದೇ ಕಸುಬು, ಅಲ್ಲೇ ಸೇರಿಕೊಂಡ. ಆಮೇಲೆ ಅವರು ಎಫೆಸಕ್ಕೆ ಹೋದರು. ಪೌಲ ಪತ್ರ ಬರೆಯುವ ಹೊತ್ತಿಗೆ ಮತ್ತೆ ರೋಮ್‌ನಲ್ಲಿದ್ದಾರೆ. ಮೂರು ಊರು. ಕೊರಿಂಥದಲ್ಲಿ ಕಸುಬು ನಡೆಸಿದರು, ಎಫೆಸದಲ್ಲೂ ರೋಮ್‌ನಲ್ಲೂ ಮನೆಯಲ್ಲಿ ಸಭೆ ಸೇರಿಸಿದರು. ಇದು ಮಿಷನರಿ ಸಂಸ್ಥೆ ಅಲ್ಲ. ಕಸುಬು ಹೊತ್ತು ಊರಿಂದ ಊರಿಗೆ ಹೋದ ಸಂಸಾರ.

ಲ್ಯಾಟಿನ್_ಪೆಟ್ಟಿಗೆ

@ಹೊಳೆದಂಡೆ_ಮಲ್ಲಿಗೆ ನಿಮ್ಮ ಮಾತಿಗೆ ಶತ್ರುವಿನ ಸಾಕ್ಷಿಯೂ ಇದೆ. ಸೆಲ್ಸಸ್ ಅನ್ನುವ ಗ್ರೀಕ್ ಪಂಡಿತ ಸುಮಾರು 178ರಲ್ಲಿ ಕ್ರೈಸ್ತರನ್ನು ಹರಿದು ಹಾಕಿ ಒಂದು ಪುಸ್ತಕ ಬರೆದ. ಮೂಲ ಕಳೆದುಹೋಯಿತು. ಅದಕ್ಕೆ ಉತ್ತರ ಕೊಡಲು ಒರಿಜೆನ್ ಅನ್ನುವ ಕ್ರೈಸ್ತ ಪಂಡಿತ ಸಾಲು ಸಾಲಾಗಿ ಎತ್ತಿ ಬರೆದದ್ದರಿಂದ ಉಳಿಯಿತು. ಸೆಲ್ಸಸ್‌ನ ಉರಿ ಏನು ಗೊತ್ತೇ? ಉಣ್ಣೆ ಕೆಲಸದವರು, ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು, ಓದು ಬರಹ ಬಾರದ ಒರಟರು, ಮನೆ ಯಜಮಾನನ ಮುಂದೆ ತುಟಿ ಬಿಚ್ಚುವುದಿಲ್ಲ. ಮಕ್ಕಳು, ಹೆಂಗಸರು ಒಂಟಿಯಾಗಿ ಸಿಕ್ಕರೆ ಸಾಕು, ಅಪ್ಪನ ಮಾತು, ಮೇಷ್ಟ್ರ ಮಾತು ಕೇಳಬೇಡಿ, ಅಂಗಡಿಗೆ ಬನ್ನಿ, ನಿಜ ಹೇಳಿಕೊಡುತ್ತೇವೆ ಅನ್ನುತ್ತಾರೆ ಅಂತ ಗೋಳು.

ಮಲ್ಲಿಗೆಯವರು ಹೇಳಿದ ಗುಡಾರದ ಅಂಗಡಿಯನ್ನೇ ಹೊರಗಿನಿಂದ, ಸಿಟ್ಟಿನಿಂದ ನೋಡಿದರೆ ಹೀಗೆ ಕಾಣುತ್ತದೆ.

ಲೆಕ್ಕದ_ಮೇಷ್ಟ್ರು

ಸ್ವಲ್ಪ ಗಣಿತ ಮಾಡೋಣ. ರಾಡ್ನಿ ಸ್ಟಾರ್ಕ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ಅಂದಾಜು ಮಾಡಿದ್ದರು. ಕ್ರಿ.ಶ. 40ರಲ್ಲಿ 1,000 ಜನ ಅಂತ ಇಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಶೇ. 40 ಬೆಳವಣಿಗೆ. ಆಗ 100ರಲ್ಲಿ ಸುಮಾರು 7,500 ಜನ. 200ರಲ್ಲಿ 2 ಲಕ್ಷ 18 ಸಾವಿರ. 300ರಲ್ಲಿ ಸುಮಾರು 63 ಲಕ್ಷ. ಸಾಮ್ರಾಜ್ಯದ ಜನಸಂಖ್ಯೆ 6 ಕೋಟಿ ಅಂದುಕೊಂಡರೆ ಹತ್ತರಲ್ಲಿ ಒಂದು ಪಾಲು.

ವರ್ಷದ ಲೆಕ್ಕಕ್ಕೆ ಇಳಿಸಿದರೆ ಶೇ. 3.4. ಉಳಿತಾಯ ಖಾತೆಯ ಬಡ್ಡಿಯಷ್ಟು! ನೂರು ಜನರ ಗುಂಪು ವರ್ಷಕ್ಕೆ ಮೂರೋ ನಾಲ್ಕೋ ಜನರನ್ನು ಸೇರಿಸಿಕೊಂಡರೆ ಸಾಕು. ಹೆಂಡತಿ, ಬಾಡಿಗೆಯವನು, ಅಂಗಡಿ ಹುಡುಗ. ರಾಜನೂ ಬೇಡ, ದೊಡ್ಡ ಪ್ರಚಾರವೂ ಬೇಡ. ಚಕ್ರಬಡ್ಡಿ ಸಾಕು.

ಹಳೇನಾಣ್ಯ

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ಆದರೆ 1,000 ಅನ್ನುವುದೂ ಊಹೆ, ಶೇ. 40 ಅನ್ನುವುದೂ ಊಹೆ. ಕೊನೆಯ ಉತ್ತರಕ್ಕೆ ಹೊಂದುವಂತೆ ಆರಿಸಿಕೊಂಡದ್ದು. ಜೊತೆಗೆ ಇದು ಎಲ್ಲ ಕಡೆ ಒಂದೇ ಥರ ಬೆಳೆದಿಲ್ಲ. ಏಷ್ಯಾ ಮೈನರ್, ಸಿರಿಯ, ಈಜಿಪ್ಟ್, ಉತ್ತರ ಆಫ್ರಿಕದಲ್ಲಿ ದಟ್ಟ. ಬ್ರಿಟನ್ ಕಡೆ ತೀರಾ ತೆಳು. ಸಾಧ್ಯತೆ ತೋರಿಸಲು ಲೆಕ್ಕ ಸರಿ. ಪುರಾವೆ ಅಂತ ಹಿಡಿಯಬೇಡಿ.

ಲೆಕ್ಕದ_ಮೇಷ್ಟ್ರು

ಒಪ್ಪಿದೆ.

ಪೇಡೆನಗರಿ

ಬಡ್ಡಿ ಬೆಳೆಯುತ್ತೆ ಸರಿ. ಆದರೆ ಅಸಲು ಹಾಕಲು ಜನ ಯಾಕೆ ಮುಂದೆ ಬಂದರು? ನನಗೆ ಕಾಣುವುದು ಯೆಹೂದ್ಯರ ಜಾಲ. ಮೆಡಿಟರೇನಿಯನ್ ಸುತ್ತಲಿನ ದೊಡ್ಡ ಊರುಗಳಲ್ಲೆಲ್ಲ ಸಿನಗಾಗ್, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರ ಇತ್ತು. ಹೀಬ್ರೂ ಗ್ರಂಥಗಳು ಗ್ರೀಕ್‌ಗೆ ಆಗಲೇ ಅನುವಾದ ಆಗಿದ್ದವು. ಸಿನಗಾಗ್ ಬಾಗಿಲಲ್ಲಿ ಒಂದು ವರ್ಗದ ಜನ ನಿಂತಿದ್ದರು. ಒಬ್ಬನೇ ದೇವರು ಅನ್ನುವ ಮಾತು ಅವರಿಗೆ ಇಷ್ಟ, ಆದರೆ ಸುನ್ನತಿ ಮಾಡಿಸಿಕೊಳ್ಳಲು ಹಿಂಜರಿಕೆ. 'ದೇವರಿಗೆ ಭಯಪಡುವವರು' ಅಂತ ಅವರನ್ನು ಕರೆಯುತ್ತಿದ್ದರು. ಫಿಲಿಪ್ಪಿಯಲ್ಲಿ ಪೌಲನ ಮಾತು ಕೇಳಿದ ಲುದ್ಯ ಇಂಥವಳೇ. ಥುವತೈರ ಊರಿನವಳು, ನೇರಳೆ ಬಣ್ಣದ ಬಟ್ಟೆ ಮಾರುವ ವ್ಯಾಪಾರಿ. ತನ್ನ ಮನೆಯನ್ನೇ ಸಭೆಗೆ ಬಿಟ್ಟುಕೊಟ್ಟಳು.

ಸುಮಾರು 49ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಕೂತು ಹೊರಗಿನವರಿಗೆ ಸುನ್ನತಿ ಕಡ್ಡಾಯ ಅಲ್ಲ ಅಂತ ತೀರ್ಮಾನಿಸಿದರು. ಬಾಗಿಲಲ್ಲಿ ನಿಂತವರಿಗೆ ಒಳಗೆ ಬರಲು ದಾರಿ ಆಯಿತು.

ಆದರೆ ಕಾಗದದ ಮೇಲಿನ ತೀರ್ಮಾನ ಊಟದ ಮನೆಗೆ ಬರಲು ತಡ ಆಗುತ್ತೆ. ಸಿರಿಯದ ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದವರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಹಿರಿಯ ಯಾಕೋಬನ ಕಡೆಯ ಮಡಿವಂತರು ಬಂದದ್ದೇ ತಡ, ಹಿಂದೆ ಸರಿದು ಬೇರೆ ಕೂತ. ಪೌಲ ಎಲ್ಲರೆದುರೇ ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಪಂಕ್ತಿಭೇದದ ಜಗಳ ನಮಗೆ ಹೊಸದೇನಲ್ಲವಲ್ಲ, ಓದಿದ ತಕ್ಷಣ ಅರ್ಥ ಆಗಿಬಿಡುತ್ತೆ.

'ಕ್ರೈಸ್ತರು' ಅನ್ನುವ ಹೆಸರು ಮೊದಲು ಬಿದ್ದದ್ದೂ ಅದೇ ಅಂತಿಯೋಕ್ಯದಲ್ಲಿ.

ನೈಟ್_ಡ್ಯೂಟಿ

ನಾನು ನರ್ಸ್. ಸಾಂಕ್ರಾಮಿಕದ ವಿಷಯ ಯಾರೂ ಎತ್ತಲಿಲ್ಲ. ಸುಮಾರು 250ರಿಂದ ರೋಮನ್ ಲೋಕದಲ್ಲಿ ದೊಡ್ಡ ರೋಗ ಬಂತು. ಅಲೆಕ್ಸಾಂಡ್ರಿಯದ ಬಿಷಪ್ ಡಯೊನಿಸಿಯಸ್ ಒಂದು ಪತ್ರದಲ್ಲಿ ಬರೆಯುತ್ತಾನೆ. ನಮ್ಮವರು ಹೆದರದೆ ರೋಗಿಗಳ ಸೇವೆ ಮಾಡಿದರು, ಅವರ ಜೊತೆಯಲ್ಲೇ ಸತ್ತರು. ಉಳಿದವರು ಇನ್ನೂ ಜೀವ ಇದ್ದವರನ್ನೇ ರಸ್ತೆಗೆ ತಳ್ಳಿದರು ಅಂತ.

ಔಷಧಿ ಇಲ್ಲದ ಕಾಲದಲ್ಲೂ ಬಾಯಿಗೆ ನೀರು ಬಿಟ್ಟು, ಗಂಜಿ ಕುಡಿಸಿ, ಮೈ ಒರೆಸಿದರೆ ಎಷ್ಟೋ ಜನ ಬದುಕುತ್ತಾರೆ. ಇದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಬದುಕಿದವನು ನೀರು ಕೊಟ್ಟವಳನ್ನು ಮರೆಯುತ್ತಾನಾ?

ಹಳೇನಾಣ್ಯ

ಡಯೊನಿಸಿಯಸ್ ತನ್ನವರನ್ನೇ ಹೊಗಳುವ ಬಿಷಪ್. ಹಾಗಾಗಿ ನನ್ನ ಹಳೇ ಚಾಳಿ, ಶತ್ರು ಏನಂದ ಅಂತ ಹುಡುಕೋಣ. ಜೂಲಿಯನ್ ಇದ್ದಾನೆ. ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟ ಚಕ್ರವರ್ತಿ. 362ರ ಸುಮಾರಿಗೆ ಗಲಾತ್ಯದ ಪೂಜಾರಿಗೆ ಬರೆಯುತ್ತಾನೆ. ಆ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದೇ ಹಾಗೆ) ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆ ಆಗಬೇಕು ಅಂತ. ಇದು ಕಾನ್‌ಸ್ಟಂಟೈನ್ ನಂತರದ ಮಾತು, ನಿಜ. ಆದರೆ ಅಭ್ಯಾಸ ಹಳೆಯದು. 251ರಲ್ಲಿ ರೋಮ್‌ನ ಬಿಷಪ್ ಕೊರ್ನೇಲಿಯಸ್ ಕೊಟ್ಟ ಲೆಕ್ಕ ಉಳಿದಿದೆ. 46 ಹಿರಿಯರು, 7 ಡೀಕನ್‌ಗಳು, ಇನ್ನೂ ಕೆಲವು ಹುದ್ದೆಯವರು. ಅದರ ಜೊತೆ 1,500ಕ್ಕೂ ಹೆಚ್ಚು ವಿಧವೆಯರು ಮತ್ತು ದಿಕ್ಕಿಲ್ಲದವರು. ಅಷ್ಟೂ ಜನರಿಗೆ ಸಭೆಯ ದುಡ್ಡಿನಿಂದ ಊಟ.

ಅನುಮಾನ_ರಾಯ

ಎಲ್ಲರೂ ಹಾಡಿ ಹೊಗಳುತ್ತಿದ್ದೀರಿ. ಹೆದರಿ ಬಿಟ್ಟವರ ಕತೆ ಯಾರೂ ಹೇಳಲಿಲ್ಲ. 250ರಲ್ಲಿ ಚಕ್ರವರ್ತಿ ಡೀಸಿಯಸ್, ಸಾಮ್ರಾಜ್ಯದಲ್ಲಿ ಎಲ್ಲರೂ ದೇವರಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು ಅಂತ ಆಜ್ಞೆ ಮಾಡಿದ. ಸಾವಿರಾರು ಕ್ರೈಸ್ತರು ಸಾಲು ನಿಂತು ಬಲಿ ಕೊಟ್ಟರು. ಕೆಲವರು ಲಂಚ ಕೊಟ್ಟು, ಬಲಿ ಕೊಡದೆಯೇ ಚೀಟಿ ಮಾಡಿಸಿಕೊಂಡರು. ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೋ ಬೇಡವೋ ಅಂತ ಚರ್ಚ್ ಒಡೆಯಿತು.

ಲ್ಯಾಟಿನ್_ಪೆಟ್ಟಿಗೆ

ನಿಜ. ಆ ಚೀಟಿಗಳಲ್ಲಿ ನಲವತ್ತಕ್ಕೂ ಹೆಚ್ಚು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಒಂದೇ ನಮೂನೆ. 'ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಟ್ಟವಳು, ಈಗ ನಿಮ್ಮೆದುರೇ ಕೊಟ್ಟೆ, ಸಹಿ ಹಾಕಿ ಕೊಡಿ.' ಒಂದು ಚೀಟಿ ಯಾರದು ಗೊತ್ತೇ? ಮೊಸಳೆ ದೇವರ ಪೂಜಾರಿಣಿಯದು! ಅವಳು ಹುಟ್ಟಿದಾಗಿನಿಂದ ಮಾಡಿದ್ದೇ ಪೂಜೆ. ಅವಳೂ ಕಚೇರಿಗೆ ಹೋಗಿ ಸರ್ಟಿಫಿಕೇಟ್ ತರಬೇಕಾಯಿತು. ಪಿಂಚಣಿಗೆ ತಾನು ಬದುಕಿದ್ದೇನೆ ಅಂತ ಪತ್ರ ತರುವ ನಮ್ಮ ಅಜ್ಜಿಯರು ನೆನಪಾದರು.

ಹಿಮದೂರಿನ_ಕನ್ನಡಿಗ

ಅಮೆರಿಕದಿಂದ ಬರೆಯುತ್ತಿದ್ದೇನೆ. ಕಣ್ಣಾರೆ ಕಂಡದ್ದೊಂದು ಹೇಳುತ್ತೇನೆ. ಯೇಲ್ ವಿಶ್ವವಿದ್ಯಾಲಯದ ಆರ್ಟ್ ಗ್ಯಾಲರಿಯಲ್ಲಿ ದೂರಾ ಯೂರೋಪಸ್‌ನ ಗೋಡೆಗಳಿವೆ. ಸಿರಿಯದಲ್ಲಿ ಯೂಫ್ರಟಿಸ್ ನದಿ ದಂಡೆಯ ಗಡಿ ಪಟ್ಟಣ ಅದು. ಅಲ್ಲಿ ಒಂದು ಮಾಮೂಲಿ ಮನೆಯನ್ನು 240ರ ದಶಕದ ಹೊತ್ತಿಗೆ ಕ್ರೈಸ್ತರು ಸಭೆಯ ಜಾಗ ಮಾಡಿಕೊಂಡಿದ್ದರು. ಎರಡು ಕೋಣೆ ನಡುವಿನ ಗೋಡೆ ಒಡೆದು ದೊಡ್ಡದು ಮಾಡಿದ್ದಾರೆ. ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ, ಗೋಡೆ ಮೇಲೆ ಚಿತ್ರ. ಕುರಿ ಹೊತ್ತ ಕುರುಬ, ನೀರ ಮೇಲೆ ನಡೆಯುವ ಯೇಸು, ಸಾಲಾಗಿ ಬರುವ ಹೆಂಗಸರು.

256ರ ಸುಮಾರಿಗೆ ಪರ್ಷಿಯದ ಸಸಾನಿಯನ್ನರು ಮುತ್ತಿಗೆ ಹಾಕಿದರು. ಕೋಟೆ ಗಟ್ಟಿ ಮಾಡಲು ರೋಮನ್ ಸೈನಿಕರು ಗೋಡೆ ಪಕ್ಕದ ಬೀದಿಯನ್ನೆಲ್ಲ ಮಣ್ಣು ತುಂಬಿ ಮುಚ್ಚಿದರು. ಊರು ಬಿತ್ತು. ಮಣ್ಣಿನಡಿ ಮನೆ ಉಳಿಯಿತು. ಅದೇ ಬೀದಿ ಸಾಲಿನಲ್ಲಿ ಚಿತ್ರಗಳಿಂದ ತುಂಬಿದ ಸಿನಗಾಗ್ ಇತ್ತು, ಸೈನಿಕರು ಪೂಜಿಸುತ್ತಿದ್ದ ಮಿಥ್ರಾಸ್ ಅನ್ನುವ ದೇವರ ಗುಡಿಯೂ ಇತ್ತು. ಅಕ್ಕಪಕ್ಕದ ಮನೆಯವರು!

ಬಣ್ಣ ಈಗ ಬಹಳ ಮಾಸಿದೆ. ಕತ್ತಲೆ ಕೋಣೆಯಲ್ಲಿ ಕಣ್ಣು ಕಿರಿದು ಮಾಡಿ ನೋಡಬೇಕು. ಚಿತ್ರಗಳಿಗಿಂತ ಆ ಗೋಡೆ ಒಡೆದ ಸಂಗತಿಯೇ ನನಗೆ ಜಾಸ್ತಿ ಹೇಳಿತು. ಮನೆ ಸಾಲದಷ್ಟು ಮಂದಿ ಬರುತ್ತಿದ್ದರು.

ಪೇಡೆನಗರಿ

ಎಲ್ಲರೂ ರೋಮ್ ರೋಮ್ ಅನ್ನುತ್ತಿದ್ದೀರಿ. ಪೂರ್ವಕ್ಕೆ ಹೋದದ್ದೂ ಇದೆ. ಈಗಿನ ಟರ್ಕಿಯಲ್ಲಿರುವ ಎಡೆಸ್ಸಾದಲ್ಲಿ ಸಿರಿಯಾಕ್ ಭಾಷೆಯ ಚರ್ಚ್ ಬೆಳೆಯಿತು, ಅಲ್ಲಿಂದ ಪರ್ಷಿಯಕ್ಕೆ ಹೋಯಿತು. ಇಥಿಯೋಪಿಯದ ಅಕ್ಸುಮ್‌ನಲ್ಲಿ ಎಜಾನಾ ರಾಜನ ನಾಣ್ಯಗಳಲ್ಲಿ ಮೊದಲು ಅರ್ಧಚಂದ್ರ ಮತ್ತು ದುಂಡು ಬಿಂಬ ಇರುತ್ತೆ, ಆಮೇಲಿನವುಗಳಲ್ಲಿ ಶಿಲುಬೆ. ಅರ್ಮೇನಿಯದಲ್ಲಿ ತಿರಿದಾತಿಸ್ ರಾಜನೇ ಮೊದಲು ಮತ ಬದಲಿಸಿದ. ಇವೆರಡು ಕಡೆ ಭಾವನ ಸಿದ್ಧಾಂತ ಸರಿಯಾಗಿದೆ, ನ್ಯಾಯವಾಗಿ ಒಪ್ಪಿಕೊಳ್ಳಬೇಕು.

ಹೊಳೆದಂಡೆ_ಮಲ್ಲಿಗೆ

ನಮ್ಮ ಕಡೆಗೆ ಯಾವಾಗ ಬಂತು? ಸಂತ ತೋಮ 52ರಲ್ಲಿ ಕೇರಳಕ್ಕೆ ಬಂದ ಅಂತ ಅಲ್ಲಿನವರ ನಂಬಿಕೆ. ನಮ್ಮ ಕಲ್ಯಾಣಪುರದಲ್ಲೂ 6ನೇ ಶತಮಾನದಲ್ಲೇ ಬಿಷಪ್ ಇದ್ದ ಅಂತ ಊರಲ್ಲಿ ಹೇಳುತ್ತಾರೆ.

ಹಳೇನಾಣ್ಯ

ತೋಮನದು ಪರಂಪರೆ. 52ನೇ ಇಸವಿಗೆ ಆ ಕಾಲದ ದಾಖಲೆ ಇಲ್ಲ. ಆದರೆ ಹಡಗಿನ ದಾರಿ ಇತ್ತು, ಅದರಲ್ಲಿ ಅನುಮಾನ ಬೇಡ. ಕೇರಳದ ಹಳೆಯ ಬಂದರಾದ ಮುಜಿರಿಸ್‌ನಿಂದ ಸರಕು ತುಂಬಿ ಈಜಿಪ್ಟಿಗೆ ಹೋದ ಹರ್ಮಪೊಲ್ಲೊನ್ ಅನ್ನುವ ಹಡಗಿನ 2ನೇ ಶತಮಾನದ ಕಾಗದಪತ್ರವೇ ಸಿಕ್ಕಿದೆ. ಮೆಣಸು ಕೊಳ್ಳಲು ಬರುವವರ ಜೊತೆ ಯಾರು ಬೇಕಾದರೂ ಬರಬಹುದಿತ್ತು.

ಕಲ್ಯಾಣಪುರದ ವಿಷಯ. 6ನೇ ಶತಮಾನದಲ್ಲಿ ಕಾಸ್ಮಸ್ ಅನ್ನುವ ಅಲೆಕ್ಸಾಂಡ್ರಿಯದ ವ್ಯಾಪಾರಿ ಬರೆಯುತ್ತಾನೆ. ಮೆಣಸು ಬೆಳೆಯುವ 'ಮಲೆ'ಯಲ್ಲಿ ಕ್ರೈಸ್ತರಿದ್ದಾರೆ, 'ಕಲ್ಲಿಯಾನ'ದಲ್ಲಿ ಪರ್ಷಿಯದಿಂದ ನೇಮಕವಾದ ಬಿಷಪ್ ಇದ್ದಾನೆ ಅಂತ. ಆ ಕಲ್ಲಿಯಾನ ನಿಮ್ಮ ಸ್ವರ್ಣಾ ನದಿ ದಂಡೆಯ ಕಲ್ಯಾಣಪುರ ಅಂತ ಕೆಲವರ ವಾದ. ಹೆಚ್ಚಿನವರು ಮುಂಬೈ ಹತ್ತಿರದ ಕಲ್ಯಾಣ್ ಅನ್ನುತ್ತಾರೆ. ನನ್ನ ಓಟೂ ಮುಂಬೈ ಕಡೆಗೇ. ಬೇಜಾರು ಮಾಡಿಕೊಳ್ಳಬೇಡಿ.

ಹೊಳೆದಂಡೆ_ಮಲ್ಲಿಗೆ

ಬೇಜಾರಾಯಿತು. ಆದರೂ ಪರವಾಗಿಲ್ಲ 🙂

ಲ್ಯಾಟಿನ್_ಪೆಟ್ಟಿಗೆ

ಮಲ್ಲಿಗೆಯವರ ಸಮಾಧಾನಕ್ಕೆ ಒಂದು. ಈಜಿಪ್ಟಿನ ಆಕ್ಸಿರಿಂಕಸ್ ಊರಿನ ತಿಪ್ಪೆಯನ್ನು 1896-97ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಗೆಯಲು ಶುರು ಮಾಡಿದರು. ಮೊದಮೊದಲು ಸಿಕ್ಕಿದ್ದರಲ್ಲೇ ಯೇಸುವಿನ ಮಾತುಗಳಿದ್ದ ಒಂದು ಹಾಳೆ ಇತ್ತು. ಅದು ತೋಮನ ಸುವಾರ್ತೆಯ ಗ್ರೀಕ್ ತುಣುಕು ಅಂತ ಆಮೇಲೆ ತಿಳಿಯಿತು. ಅದೇ ತಿಪ್ಪೆಯಲ್ಲಿ 2ನೇ ಶತಮಾನದ ಒಂದು ಗ್ರೀಕ್ ಪ್ರಹಸನವೂ ಸಿಕ್ಕಿತು. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಖಾರಿಟಿಯಾನ್ ಅನ್ನುವ ಹೆಣ್ಣು, ಅಲ್ಲಿನ ರಾಜನಿಗೆ ಕುಡಿಸಿ ಪಾರಾಗುವ ಕತೆ. ಅದರಲ್ಲಿ ಗ್ರೀಕ್ ಅಲ್ಲದ ಸಂಭಾಷಣೆ ಇದೆ. ಅದು ಕನ್ನಡ ಅಂತ 1904ರಲ್ಲಿ ಹುಲ್ಶ್ ವಾದ ಮಾಡಿದರು. ತುಳು ಅನ್ನುವವರೂ ಇದ್ದಾರೆ, ಎರಡೂ ಅಲ್ಲ ಅನ್ನುವವರೂ ಇದ್ದಾರೆ.

ಕೊಟ್ಟಿಗೆ_ಬೆಳಕು

ಈಗ ಕನ್ನಡವೋ ತುಳುವೋ ಅಂತ ಜಗಳ ಶುರು ಮಾಡಬೇಡಿ, ದಮ್ಮಯ್ಯ.

ಅಡ್ಮಿನ್

ಆ ಜಗಳಕ್ಕೆ ಬೇರೆ ಎಳೆ ತೆರೆದಿದ್ದೇನೆ.

ಸುಮ್ನೆ_ಕೇಳ್ದೆ

ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಅಷ್ಟೂ ಓದಿ ಹೇಳಿದೆ. ಹುಲ್ಲಿನ ಕತೆಗೆ ನಕ್ಕರು. ಆಮೇಲೆ 'ಹಾಗಾದ್ರೆ ಕಾನ್‌ಸ್ಟಂಟೈನ್ ಮಾಡಿದ್ದೇನು ಮಣ್ಣು' ಅಂದರು.

ಹಳೇನಾಣ್ಯ

ಕಡಿಮೆ ಏನಲ್ಲ. 313ರಲ್ಲಿ ಕಿತ್ತುಕೊಂಡ ಜಾಗಗಳನ್ನು ವಾಪಸ್ ಕೊಡಿಸಿದ. 321ರಲ್ಲಿ ಭಾನುವಾರ ರಜೆ ಮಾಡಿದ. 325ರಲ್ಲಿ ನೈಸಿಯಾ ಸಭೆಗೆ ಬಿಷಪರನ್ನು ಸರ್ಕಾರಿ ಗಾಡಿಯಲ್ಲಿ ಕರೆಸಿದ. ಚರ್ಚ್ ಕಟ್ಟಲು ಖಜಾನೆ ತೆರೆದ. ಆದರೆ ರಾಜಧರ್ಮ ಅಂತ ಆಜ್ಞೆ ಮಾಡಿದ್ದು ಅವನಲ್ಲ, 380ರಲ್ಲಿ ಥಿಯೊಡೋಸಿಯಸ್. ಭಾವನ ಕತೆ ಅಲ್ಲಿಂದ ಮುಂದಕ್ಕೆ ಸರಿ ಹೊಂದುತ್ತೆ.

ಅವರಿಗೆ ಓದಲು ಕೊಡುವುದಾದರೆ ಪ್ಲಿನಿಯ ಪತ್ರಗಳ 10ನೇ ಭಾಗದ 96ನೆಯದು ಕೊಡಿ. 97 ಟ್ರೇಜನ್ ಉತ್ತರ. ಎರಡೂ ಸೇರಿ ಮೂರು ಪುಟ ದಾಟುವುದಿಲ್ಲ. ಮುಂದಿನ ಭಾನುವಾರದ ಊಟಕ್ಕೆ ಮುಂಚೆ ಮುಗಿಯುತ್ತೆ.